ಡಬ್ಬಿಯ ಪೀಚ್ ಹಣ್ಣಿನ ಸುಲಭ ಕಾಬ್ಲರ್: ಒಮ್ಮೆ ಮೇಲೆ ಒಣಹಿಟ್ಟು, ಇನ್ನೊಮ್ಮೆ ಒಳಗೆ ಹಸಿಹಿಟ್ಟು

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಎರಡು ವರ್ಷಗಳಿಂದ ಅಟ್ಲಾಂಟಾದ ಹೊರವಲಯದಲ್ಲಿ ಇದ್ದೇವೆ. ಬರುವ ಶನಿವಾರ ನಮ್ಮ ಬಡಾವಣೆಯ ಮನೆಗಳವರೆಲ್ಲ ಒಂದೊಂದು ಅಡುಗೆ ತಂದು ಒಟ್ಟಿಗೆ ಊಟ ಮಾಡುವ ಪಾಟ್‌ಲಕ್ ಇದೆ. ಸಿಹಿ ಯಾರು ತರುತ್ತೀರೆಂದು ಕೇಳಿದಾಗ, ಜಾರ್ಜಿಯಾದಲ್ಲಿದ್ದುಕೊಂಡು ಪೀಚ್ ಕಾಬ್ಲರ್ (ಹಣ್ಣಿನೊಂದಿಗೆ ಹಿಟ್ಟು ಸೇರಿಸಿ ಓವನ್ನಿನಲ್ಲಿ ಬೇಯಿಸುವ ಸಿಹಿ) ಮಾಡಲು ಬಾರದಿದ್ದರೆ ಹೇಗೆ ಎಂಬ ಹುಮ್ಮಸ್ಸಿನಲ್ಲಿ ನಾನೇ ಹೆಸರು ಬರೆಸಿದೆ. ಸುಮಾರು 20 ಜನ ಸೇರುತ್ತಾರೆ. ಇಲ್ಲಿನ ತಾಜಾ ಪೀಚ್ ಆಗಸ್ಟ್ ಹೊತ್ತಿಗೇ ಮುಗಿದುಹೋಗುವುದರಿಂದ, ಈ ಅಕ್ಟೋಬರಿನಲ್ಲಿ ಡಬ್ಬಿಯ ಹಣ್ಣನ್ನೇ ನೆಚ್ಚಿಕೊಳ್ಳಬೇಕಾಗಿದೆ.

ಕಳೆದ ವಾರ ಎರಡು ಬಾರಿ ಮಾಡಿ ನೋಡಿದೆ, ಎರಡೂ ಕೆಟ್ಟವು. ಮೊದಲನೆಯ ಸಲ 29 ಔನ್ಸಿನ ಎರಡು ಡಬ್ಬಿಗಳ ಪಾಕವನ್ನು ಪೂರ್ತಿ ಬಸಿದು, ಹಣ್ಣನ್ನು ತಟ್ಟೆಯಲ್ಲಿ ಹರಡಿ, ಅದರ ಮೇಲೆ ಹಳದಿ ಕೇಕ್ ಮಿಕ್ಸ್ ಪುಡಿಯನ್ನು ಉದುರಿಸಿ, ಅಲ್ಲಲ್ಲಿ ಬೆಣ್ಣೆಯ ತುಂಡುಗಳನ್ನು ಇಟ್ಟು ಬೇಯಿಸಿದೆ. ಬೆಣ್ಣೆ ಇದ್ದಲ್ಲಿ ಚಿನ್ನದ ಬಣ್ಣ ಬಂದಿತ್ತು, ಉಳಿದ ಕಡೆಯೆಲ್ಲ ಪುಡಿ ಪುಡಿಯಾಗಿಯೇ ಉಳಿದಿತ್ತು. ಚಮಚ ಹಾಕಿದರೆ ಬೀಸುವ ಕಲ್ಲಿನ ಸುತ್ತ ಹಿಟ್ಟು ಹಾರುವಂತೆ ಹಾರಿತು. ಎರಡನೆಯ ಸಲ ಮೈದಾ, ಸಕ್ಕರೆ, ಹಾಲು ತಲಾ ಒಂದು ಲೋಟ ಕಲಸಿ, ಹಣ್ಣನ್ನೂ ಪಾಕವನ್ನೂ ಅದರಲ್ಲೇ ಚೆನ್ನಾಗಿ ಬೆರೆಸಿ ಓವನ್ನಿಗೆ ಇಟ್ಟೆ. ಮೇಲೆ ಕಂದಿದರೂ ಒಳಗೆ ಅಂಟಂಟಾದ ಹಸಿಹಿಟ್ಟು.

ಊರಿನಿಂದ ಬಂದಿರುವ ನಮ್ಮ ಅತ್ತೆಯವರು ಮೊಟ್ಟೆ ಮುಟ್ಟುವುದಿಲ್ಲ. ಆದ್ದರಿಂದ ಮೊಟ್ಟೆ ಇಲ್ಲದ ವಿಧಾನವೇ ಬೇಕು. ಕಪಾಟಿನಲ್ಲಿ ಈಗ ನಾಲ್ಕು ಡಬ್ಬಿ ಪೀಚ್, ಒಂದು ಕೇಕ್ ಮಿಕ್ಸ್, ಮೈದಾ, ಬೇಕಿಂಗ್ ಪೌಡರ್ ಮತ್ತು ಬೆಣ್ಣೆ ಇವೆ. ಎರಡರಲ್ಲಿ ಯಾವ ದಾರಿ ಹಿಡಿಯಲಿ, ಎಲ್ಲಿ ತಪ್ಪಿದೆ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಕೆಂಪುಮಣ್ಣು

ತುಂಗಾತೀರ ಅವರೇ, ನಿಮ್ಮ ಎರಡೂ ಪ್ರಯೋಗಗಳು ಕೆಟ್ಟದ್ದು ಒಂದೇ ಕಾರಣಕ್ಕೆ, ಅದು ಪಾಕದ ಅಳತೆ. ಒಂದರಲ್ಲಿ ಪಾಕವೇ ಇರಲಿಲ್ಲ, ಇನ್ನೊಂದರಲ್ಲಿ ಅಷ್ಟೂ ಪಾಕ ಹಿಟ್ಟಿನೊಳಗೆ ಸೇರಿಕೊಂಡಿತು. ನಾನು 18 ವರ್ಷಗಳಿಂದ ದಕ್ಷಿಣ ಕೆರೊಲಿನಾದಲ್ಲಿದ್ದೇನೆ (ಜಾರ್ಜಿಯಾ 1995ರಲ್ಲಿ ಪೀಚನ್ನು ತನ್ನ ಅಧಿಕೃತ ಹಣ್ಣೆಂದು ಘೋಷಿಸಿಕೊಂಡಿದ್ದರೂ ಹೆಚ್ಚು ಪೀಚ್ ಬೆಳೆಯುವುದು ನಮ್ಮಲ್ಲಿ, ಇಬ್ಬರಿಗಿಂತಲೂ ಹೆಚ್ಚು ಬೆಳೆಯುವುದು ಕ್ಯಾಲಿಫೋರ್ನಿಯಾದಲ್ಲಿ, ಪಾಟ್‌ಲಕ್‌ನಲ್ಲಿ ಮಾತ್ರ ಇದನ್ನು ಹೇಳಬೇಡಿ). ಪಕ್ಕದ ಮನೆಯ ಅಜ್ಜಿಯೊಬ್ಬರಿಂದ ಕಲಿತ ಲೋಟದ ಲೆಕ್ಕದ ಕಾಬ್ಲರನ್ನೇ ಇಷ್ಟು ವರ್ಷವೂ ಮಾಡುತ್ತ ಬಂದಿದ್ದೇನೆ; ಅದರಲ್ಲಿ ಮೊಟ್ಟೆಯ ಮಾತೇ ಬರುವುದಿಲ್ಲ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಡಬ್ಬಿಯ ಹಣ್ಣು ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತದೆ. ಓವನ್ನಿನಲ್ಲಿ ಕಳೆಯುವ ಒಂದು ಗಂಟೆಯೂ ಹಿಟ್ಟು ಬೇಯುವುದಕ್ಕೆ, ಹಣ್ಣಿಗಲ್ಲ. ಹಾಗಾಗಿ ಹಿಟ್ಟಿಗೆ ಏನು ಅನುಕೂಲವೋ ಅದನ್ನು ನೋಡಿಕೊಂಡರೆ ಸಾಕು.

ಒಂದು ಸ್ಟಿಕ್ ಬೆಣ್ಣೆಯನ್ನು, ಅಂದರೆ 113 ಗ್ರಾಂ, ಎರಡು ಕ್ವಾರ್ಟಿನ (ಸುಮಾರು ಎರಡು ಲೀಟರ್ ಹಿಡಿಯುವ) ತಟ್ಟೆಯಲ್ಲಿ ಹಾಕಿ, 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯುತ್ತಿರುವ ಓವನ್ನಿನೊಳಗೆ ಕರಗಲು ಇಡಿ. ಅಷ್ಟರಲ್ಲಿ ಒಂದು ಕಪ್ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಹಾಲು ಇವಿಷ್ಟನ್ನು ಕಲಸಿ. ಎಲ್ಲರೂ ಸಕ್ಕರೆ ಒಂದು ಕಪ್ ಎನ್ನುತ್ತಾರೆ, ಆದರೆ ಗಟ್ಟಿ ಪಾಕದ ಡಬ್ಬಿಗೆ ಮುಕ್ಕಾಲೇ ಧಾರಾಳವಾಯಿತು. ಕಲಸಿದ ಹಿಟ್ಟು ಉದ್ದಿನ ದೋಸೆಯ ಹದಕ್ಕೆ ಬರಬೇಕು. ಸಣ್ಣ ಗಂಟುಗಳು ಉಳಿದರೂ ಚಿಂತೆಯಿಲ್ಲ. ಕರಗಿದ ಬೆಣ್ಣೆಯ ಮೇಲೆ ಈ ಹಿಟ್ಟನ್ನು ಹೊಯ್ಯಿರಿ, ಕಲಕಬೇಡಿ. ಅದರ ಮೇಲೆ ಪೀಚ್ ಹೋಳುಗಳನ್ನು ಚಮಚದಿಂದ ಬಿಡಿಬಿಡಿಯಾಗಿ ಹಾಕಿ, ಒಂದು ಡಬ್ಬಿಗೆ ಅರ್ಧ ಕಪ್ಪಿಗಿಂತ ಹೆಚ್ಚಾಗದಂತೆ ಪಾಕವನ್ನು ಚಿಮುಕಿಸಿ. ಆಗಲೂ ಕಲಕಬೇಡಿ. ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು. ಚಮಚವನ್ನು ಸಿಂಕಿಗೆ ಹಾಕಿಬಿಡಿ.

ಪಡ್ಡಿನ ಗುಳಿಯಲ್ಲಿ ಎಣ್ಣೆ ಕಾದ ಮೇಲೆ ಹಿಟ್ಟು ಬಿಟ್ಟರೆ ಅಂಚು ಹೇಗೆ ಗರಿಗರಿಯಾಗುತ್ತದೆಯೋ, ಇಲ್ಲಿಯೂ ತಳದ ಬಿಸಿ ಬೆಣ್ಣೆ ಹಿಟ್ಟಿನ ಅಂಚನ್ನು ಹುರಿದಂತೆ ಬೇಯಿಸುತ್ತದೆ. ಬೇಕಿಂಗ್ ಪೌಡರಿನ ಬಲದಿಂದ ಹಿಟ್ಟು ಹಣ್ಣಿನ ಸಂದುಗಳಲ್ಲಿ ಮೇಲೆದ್ದು ಬರುತ್ತದೆ, ಹಣ್ಣು ತಾನಾಗಿಯೇ ಕೆಳಗೆ ಇಳಿಯುತ್ತದೆ. ಹಣ್ಣನ್ನೂ ಪಾಕವನ್ನೂ ಮೊದಲೇ ಬೆರೆಸಿದರೆ ಹಿಟ್ಟು ತೆಳುವಾಗಿ, ಭಾರವಾಗಿ, ಏಳಲಾರದೆ ತಳದಲ್ಲೇ ಕುಳಿತುಬಿಡುತ್ತದೆ. ನಿಮ್ಮ ಎರಡನೆಯ ಪ್ರಯೋಗದಲ್ಲಿ ಆದದ್ದು ಅದೇ.

50ರಿಂದ 60 ನಿಮಿಷ ಬೇಕಾಗುತ್ತದೆ. ಮೇಲೆ ಬಣ್ಣ ಬಂದಿತೆಂದು ಹೊರಗೆ ತೆಗೆಯಬೇಡಿ, ಅಂಚಿನಲ್ಲಿ ಪಾಕ ಕುದಿಯುವುದನ್ನು ಗಮನಿಸಿ. ಮೊದಲು ಅದು ನೀರಿನಂತೆ ಕೊತಕೊತ ಕುದಿಯುತ್ತದೆ. ಆಮೇಲೆ ದೊಡ್ಡ ಗುಳ್ಳೆಗಳು ನಿಧಾನವಾಗಿ ಎದ್ದು, ಒಂದು ಕ್ಷಣ ನಿಂತು, ಒಡೆಯತೊಡಗುತ್ತವೆ. ಆಗ ನಡುವಿನ ಹಿಟ್ಟಿಗೆ ಕಡ್ಡಿ ಚುಚ್ಚಿ ನೋಡಿ. ಹೊರತೆಗೆದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ, ಪಾಕ ಗಟ್ಟಿಯಾಗುವುದು ಆ ಹೊತ್ತಿನಲ್ಲಿ.

20 ಜನಕ್ಕೆಂದು ಎಲ್ಲವನ್ನೂ ದ್ವಿಗುಣ ಮಾಡಿ ಒಂದೇ ಆಳವಾದ ಪಾತ್ರೆಗೆ ಸುರಿದರೆ ಅಂಚು ಸುಟ್ಟು ನಡುವೆ ಹಸಿ ಉಳಿಯುತ್ತದೆ. ಎರಡು ತಟ್ಟೆ ಮಾಡಿ. ಇನ್ನೊಂದು ಎಚ್ಚರಿಕೆ: ಗಾಜಿನ ತಟ್ಟೆಯಾದರೆ ಓವನ್ನಿನಿಂದ ಬಂದ ಬಿಸಿ ಗಾಜಿಗೆ ಫ್ರಿಜ್ಜಿನ ತಣ್ಣನೆಯ ಹಿಟ್ಟು ಹೊಯ್ಯಬಾರದು, ಬಿರುಕು ಬಿಟ್ಟೀತು. ಹಾಲನ್ನು ಮೊದಲೇ ಹೊರಗಿಟ್ಟು ಅದರ ತಣುವು ಕಳೆಯಿರಿ, ಬೆಣ್ಣೆಯನ್ನು ಬೇರೆಯಾಗಿ ಕರಗಿಸಿ ತಟ್ಟೆಗೆ ಹಾಕಿ. ಅಂಚಿನ ಗರಿ ಸ್ವಲ್ಪ ಕಡಿಮೆಯಾದರೂ ತಟ್ಟೆ ಉಳಿಯುತ್ತದೆ.

ಅರ್ಧಕಪ್

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕೇಕ್ ಮಿಕ್ಸನ್ನು ಅಷ್ಟು ಬೇಗ ಕೈಬಿಡಬೇಕಾಗಿಲ್ಲ. ಇಲ್ಲಿನವರು ಡಂಪ್ ಕೇಕ್ ಎಂದು ಕರೆಯುವ ಆ ವಿಧಾನದಲ್ಲಿ ಪುಡಿಗೆ ನೀರು ಒದಗಿಸುವುದು ಡಬ್ಬಿಯ ಪಾಕವೇ. ಅದನ್ನು ಪೂರ್ತಿ ಬಸಿದ ಮೇಲೆ ಪುಡಿ ನೆನೆಯುವುದಾದರೂ ಯಾವುದರಿಂದ? 9x13 ಇಂಚಿನ ತಟ್ಟೆಗೆ 29 ಔನ್ಸಿನ ಎರಡು ಡಬ್ಬಿ ಹಾಕುವುದಾದರೆ ಒಂದನ್ನು ಪಾಕದ ಸಮೇತ ಹಾಕಬೇಕು, ಇನ್ನೊಂದನ್ನು ಮಾತ್ರ ಬಸಿಯಬೇಕು. ಬೆಣ್ಣೆಯನ್ನು ಗಟ್ಟಿಯಾಗಿರುವಾಗಲೇ ಆದಷ್ಟು ತೆಳುವಾಗಿ ಕೊಯ್ದು ಪುಡಿಯ ಮೇಲೆ ಎಲ್ಲಿಯೂ ಬಿಳಿ ಕಾಣದಂತೆ ಹೊದಿಸಬೇಕು. ಅಷ್ಟಾಗಿಯೂ 30 ನಿಮಿಷದ ಹೊತ್ತಿಗೆ ಒಣಗಿದ ತೇಪೆಗಳು ಕಂಡರೆ, ಬಸಿದಿಟ್ಟ ಪಾಕವನ್ನೇ ಒಂದೆರಡು ಚಮಚ ಆ ಜಾಗಕ್ಕೆ ಚಿಮುಕಿಸಿ ಮತ್ತೆ ಒಳಗಿಡಿ.

ಹಳೆಯ ಪಾಕವಿಧಾನಗಳನ್ನು ಕಣ್ಣುಮುಚ್ಚಿ ನಂಬಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ಕಾಲಕ್ಕೆ 18.25 ಔನ್ಸ್ ಇದ್ದ ಕೇಕ್ ಮಿಕ್ಸ್ ಪೆಟ್ಟಿಗೆ ಮುಂದೆ 15.25ಕ್ಕೆ ಇಳಿಯಿತು, ಕೆಲವು ಅದಕ್ಕಿಂತಲೂ ಸಣ್ಣದಾಗಿವೆ. ಬರೆದಿಟ್ಟ ವಿಧಾನದಲ್ಲಿ ಮಾತ್ರ ಇನ್ನೂ "ಒಂದು ಪೆಟ್ಟಿಗೆ" ಎಂದೇ ಇರುತ್ತದೆ. ಮೊಟ್ಟೆಯ ವಿಷಯಕ್ಕೆ ಬಂದರೆ, ಪೆಟ್ಟಿಗೆಯ ಹಿಂದೆ ಮೊಟ್ಟೆ ಸೇರಿಸಿ ಎಂದು ಬರೆದಿರುವುದು ಮಾಮೂಲು ಕೇಕ್ ಮಾಡುವವರಿಗೆ. ಒಣ ಪುಡಿಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಆದರೂ ಪದಾರ್ಥಗಳ ಪಟ್ಟಿಯನ್ನು ಒಮ್ಮೆ ಓದಿಯೇ ಬಳಸಿ.

ನಿಂಬೆರಸ ಒಂದು ದೊಡ್ಡ ಚಮಚ ಹಾಕದಿದ್ದರೆ ಡಬ್ಬಿಯ ಪೀಚ್ ಬರೀ ಸಿಹಿಯಾಗಿ ಸಪ್ಪೆ ಹೊಡೆಯುತ್ತದೆ.

ಮಜ್ಜಿಗೆಹುಳಿ

ಹಿಟ್ಟು ಹೊಯ್ದದ್ದೂ ಕಾಬ್ಲರ್, ಪುಡಿ ಉದುರಿಸಿದ್ದೂ ಕಾಬ್ಲರ್ ಎಂದರೆ ನಾನು ಒಪ್ಪುವವನಲ್ಲ. ಹಣ್ಣಿನ ಮೇಲೆ ಉಂಡೆಯುಂಡೆಯಾಗಿ ಬಿಸ್ಕಿಟ್ ಹಿಟ್ಟು ಕೂತಿರಬೇಕು. ಬಿಸ್ಕಿಟ್ ಎಂದರೆ ನಮ್ಮ ಚಹಾದ ಬಿಸ್ಕತ್ತಲ್ಲ, ಇಲ್ಲಿನವರು ಊಟದೊಂದಿಗೆ ತಿನ್ನುವ ಮೆತ್ತನೆಯ ಬನ್ನಿನಂಥದ್ದು. ಅದಕ್ಕೂ ಅಡ್ಡದಾರಿ ಉಂಟು. 1931ರಿಂದ ಮಾರಾಟದಲ್ಲಿರುವ ಬಿಸ್ಕ್ವಿಕ್ ಎಂಬ ಪುಡಿಯಲ್ಲಿ ಮೈದಾ, ಎಣ್ಣೆಯ ಅಂಶ, ಉಬ್ಬಿಸುವ ಪುಡಿ, ಉಪ್ಪು ಎಲ್ಲವೂ ಬೆರೆತೇ ಇರುತ್ತವೆ. ಮಜ್ಜಿಗೆ ಅಥವಾ ಹಾಲು ಹಾಕಿ ಕೂಡಿಸಿದರೆ ಮುಗಿಯಿತು. ಜಾಮೂನ್ ಮಿಕ್ಸನ್ನು ಹೆಚ್ಚು ನಾದಬಾರದೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿದೆ. ಇದನ್ನೂ ಹಾಗೆಯೇ ಬೆರಳ ತುದಿಯಿಂದ ಒಂದುಗೂಡಿಸಿ ಬಿಟ್ಟುಬಿಡಬೇಕು. ಹಣ್ಣನ್ನೂ ಪಾಕವನ್ನೂ ಮೊದಲು ಓವನ್ನಿನಲ್ಲಿ ಬಿಸಿಮಾಡಿಕೊಂಡು, ಬಿಸಿಯ ಮೇಲೆಯೇ ಉಂಡೆಗಳನ್ನು ಇಡಬೇಕು. ತಣ್ಣನೆಯ ಪಾಕದ ಮೇಲಿಟ್ಟರೆ ಉಂಡೆಗಳ ಹೊಟ್ಟೆ ಹಸಿಯಾಗಿಯೇ ಉಳಿಯುತ್ತದೆ.

ಪಾಕ ಗಟ್ಟಿಯಾಗಲು ಒಂದು ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್ ಹಾಕಿ. ಭಾರತದ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವುದು ಇದನ್ನೇ. ಅಮೆರಿಕದಲ್ಲಿ ಕಾರ್ನ್‌ಫ್ಲೋರ್ ಎಂದು ಬರೆದ ಪೊಟ್ಟಣ ತಂದರೆ ಮೆಕ್ಕೆಜೋಳದ ನುಣುಪಾದ ಹಿಟ್ಟು ಸಿಗುತ್ತದೆ, ಅದರಿಂದ ಈ ಕೆಲಸ ಆಗುವುದಿಲ್ಲ. ನಾನು ಆ ತಪ್ಪು ಮಾಡಿ ಪೀಚಿನ ಅಂಬಲಿ ಕುಡಿದಿದ್ದೇನೆ.

ನಿಮ್ಮ ಅತ್ತೆಯವರ ದೃಷ್ಟಿಯಿಂದ ಇನ್ನೆರಡು ಮಾತು. ಸುಲಭವೆಂದು ಅಂಗಡಿಯ ತಣ್ಣನೆಯ ಪೈ ಹಾಳೆಗಳನ್ನು ತರುವವರಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಲಾರ್ಡ್, ಅಂದರೆ ಹಂದಿಯ ಕೊಬ್ಬು, ಹಾಕಿರುತ್ತಾರೆ. ಜೊತೆಗೆ ಬಡಿಸುವ ಐಸ್‌ಕ್ರೀಮ್ ಫ್ರೆಂಚ್ ವೆನಿಲಾ ಆಗಿದ್ದರೆ ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಕಾಬ್ಲರನ್ನು ಅಷ್ಟು ಜೋಪಾನವಾಗಿ ಮಾಡಿ ಕೊನೆಗೆ ಐಸ್‌ಕ್ರೀಮಿನಲ್ಲಿ ಎಡವಬಾರದಲ್ಲ.

ಕೆಂಪುಮಣ್ಣು

ಮಜ್ಜಿಗೆಹುಳಿ ಅವರೇ, ನಿಮ್ಮ ಬಿಸ್ಕಿಟ್ ಕಾಬ್ಲರಿನ ರುಚಿಯ ಬಗ್ಗೆ ತಕರಾರಿಲ್ಲ. ಆದರೆ ದಕ್ಷಿಣದ ಎಷ್ಟೋ ಮನೆಗಳಲ್ಲಿ ಹಿಟ್ಟು ಹೊಯ್ದದ್ದನ್ನೇ ಕಾಬ್ಲರ್ ಎನ್ನುತ್ತಾರೆ. ಮನೆಗೊಂದು ಬಗೆ ಇದೆಯೆಂದು ಹುಳಿಯನ್ನು ಹುಳಿಯಲ್ಲ ಎನ್ನುತ್ತೇವೆಯೇ? ಮೇಲಾಗಿ ಬಿಸ್ಕಿಟ್ ಉಂಡೆಗಳು ಆರಿದ ಮೇಲೆ ಗಟ್ಟಿಯಾಗುತ್ತವೆ. ಪಾಟ್‌ಲಕ್‌ಗೆ ಒಯ್ದು ಎರಡು ಗಂಟೆ ಕಾಯಿಸಬೇಕಾದ ತಿನಿಸಿಗೆ ಹೊಯ್ದ ಹಿಟ್ಟೇ ವಾಸಿ. ಒಯ್ಯುವಾಗ ಬಿಸಿಯಿರುವ ತಟ್ಟೆಯನ್ನು ಹಾಳೆಯಿಂದ ಬಿಗಿಯಾಗಿ ಮುಚ್ಚಬಾರದು, ಹಬೆ ಕೂತು ಮೇಲಿನ ಗರಿಯೆಲ್ಲ ಮೆತ್ತಗಾಗುತ್ತದೆ.

ಜಯನಗರದಿಂದ

ಬೆಂಗಳೂರಿನಲ್ಲಿ ಮಾಡುವವರಿಗಾಗಿ ಒಂದೆರಡು ಸಾಲು ಸೇರಿಸುತ್ತೇನೆ. ಚಿಕ್ಕ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) 175 ಡಿಗ್ರಿ ಸೆಲ್ಸಿಯಸ್ ಇಟ್ಟು, ಮೇಲಿನ ಕಾಯಿಲ್ ಹತ್ತಿರವಿರುವುದರಿಂದ ತಟ್ಟೆಯನ್ನು ಕೆಳಗಿನ ಅಂತಸ್ತಿನಲ್ಲಿ ಇರಿಸಿ. ನಮ್ಮ ಟೇಬಲ್ ಬೆಣ್ಣೆಯಲ್ಲಿ ಉಪ್ಪು ಇರುವುದರಿಂದ ಹಿಟ್ಟಿಗೆ ಬೇರೆ ಉಪ್ಪು ಬೇಡ. ಪೀಚ್ ಸಿಗದಿದ್ದರೆ ಡಬ್ಬಿಯ ಅನಾನಸ್ ಹೋಳು ಚೆನ್ನಾಗಿ ಒದಗುತ್ತದೆ, ಹುಳಿ ತಾನಾಗಿ ಇರುವುದರಿಂದ ನಿಂಬೆರಸವೂ ಬೇಕಿಲ್ಲ. ಡಬ್ಬಿಯ ಮಾವಿನ ತಿರುಳನ್ನು ಮಾತ್ರ ಬಳಸಬೇಡಿ. ಹೋಳಿಲ್ಲದ ತಿರುಳು ಹಿಟ್ಟಿನ ಮೇಲೆ ಕಂಬಳಿಯಂತೆ ಮಲಗಿ, ಹಿಟ್ಟು ಏಳುವುದಕ್ಕೆ ಸಂದೇ ಇಲ್ಲದಂತಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹಲ್ವಾ ಎಂದು ಹೇಳಿ ಬಡಿಸಬೇಕಾಯಿತು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಕಳೆದು ಇಂದು ಬರೆಯುತ್ತಿದ್ದೇನೆ. ಕೆಂಪುಮಣ್ಣು ಅವರು ಹೇಳಿದ ಲೋಟದ ಲೆಕ್ಕದಲ್ಲಿ ಎರಡು ತಟ್ಟೆ ಮಾಡಿದೆ. ಪ್ರತಿ ತಟ್ಟೆಗೂ ಒಂದು ಡಬ್ಬಿ ಹಣ್ಣು, ಅರ್ಧ ಕಪ್ ಪಾಕ, ಒಂದು ಚಮಚ ನಿಂಬೆರಸ. ಒಂದಕ್ಕೆ ಇಲ್ಲಿನವರ ಪದ್ಧತಿಯಂತೆ ದಾಲ್ಚಿನ್ನಿ ಪುಡಿ ಹಾಕಿದೆ. ಇನ್ನೊಂದಕ್ಕೆ ಅತ್ತೆಯವರು ತಾವೇ ಏಲಕ್ಕಿ ಕುಟ್ಟಿ ಹಾಕಿದರು. ಏಲಕ್ಕಿಯ ತಟ್ಟೆ ಮೊದಲು ಖಾಲಿಯಾಯಿತು, ಆದರೆ ಅದು ಮೇಜಿನ ಈಚೆ ತುದಿಯಲ್ಲಿತ್ತು ಎಂಬುದನ್ನೂ ಹೇಳಬೇಕು.

ಮುಂದೆ ಮಾಡುವವರಿಗೆ ಉಪಯೋಗವಾದೀತೆಂದು ಒಂದು ವಿವರ: ಗಾಜಿನ ತಟ್ಟೆಯ ಪಾಕ ಆ ನಿಧಾನದ ಗುಳ್ಳೆಗಳಿಗೆ ಬರಲು 58 ನಿಮಿಷ ಹಿಡಿಯಿತು, ಕಪ್ಪು ಲೋಹದ ತಟ್ಟೆಯದು 47ನೆಯ ನಿಮಿಷಕ್ಕೇ ಆಗಿ ಅಂಚು ಸ್ವಲ್ಪ ಹೆಚ್ಚೇ ಕೆಂಪಾಗಿತ್ತು. ಒಟ್ಟಿಗೆ ಇಟ್ಟದ್ದನ್ನು ಒಟ್ಟಿಗೇ ತೆಗೆಯುವ ಲೆಕ್ಕ ಹಾಕಿಕೊಳ್ಳಬೇಡಿ. ಉಳಿದ ಪಾಕವನ್ನು ಚೆಲ್ಲಲು ಹೊರಟಿದ್ದೆ. ಅತ್ತೆಯವರು ತಡೆದು, ಅದಕ್ಕೆ ನೀರು, ನಿಂಬೆರಸ, ಚಿಟಿಕೆ ಶುಂಠಿಪುಡಿ ಸೇರಿಸಿ ಪಾನಕ ಮಾಡಿದರು.