ಮಕ್ಕಳ ಪುಸ್ತಕದ ಚಿತ್ರಗಳಿಗೆ ಯಾವ ಬಣ್ಣ, ಯಾವ ಹಾಳೆ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ಮಳೆಗಾಲದ ಕಾಡಿನ ಹೂವು ಮತ್ತು ಹುಳುಗಳನ್ನು ಕುರಿತ 24 ಪುಟಗಳ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಇದುವರೆಗೆ ಗೋಡೆಗೆ ತೂಗುಹಾಕುವ ಜಲವರ್ಣ ಚಿತ್ರಗಳನ್ನಷ್ಟೇ ಬರೆದಿರುವ ನನಗೆ ಪುಸ್ತಕದ ಕೆಲಸ ಹೊಸದು. ಎರಡು ತಿಂಗಳಿಂದ ಬಣ್ಣ ಮತ್ತು ಹಾಳೆಗಳನ್ನು ಬದಲಿಸುತ್ತ ಪ್ರಯೋಗ ಮಾಡುತ್ತಿದ್ದರೂ ಒಂದು ನಿರ್ಧಾರಕ್ಕೆ ಬರಲಾಗಿಲ್ಲ.

ಮೊದಲು 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ ತೂಗುವ) ಡ್ರಾಯಿಂಗ್ ಹಾಳೆಯಲ್ಲಿ ಬರೆದೆ. ಎರಡನೆಯ ಲೇಪಕ್ಕೇ ಹಾಳೆ ಉಬ್ಬಿ ನೀರು ತಗ್ಗುಗಳಲ್ಲಿ ನಿಂತಿತು. ಆಮೇಲೆ, ಹಿಂದಿನ ಬೇಸಿಗೆಯಲ್ಲಿ ಕೊಂಡು ಅಟ್ಟದ ಮೇಲೆ ಇಟ್ಟಿದ್ದ 300 ಜಿಎಸ್‌ಎಂ ಪೂರ್ಣ ಹತ್ತಿಯ, ಕೊಂಚ ಒರಟಾದ ಕೋಲ್ಡ್ ಪ್ರೆಸ್ ಹಾಳೆಗಳನ್ನು ತೆಗೆದೆ. ಇದೇ ಹಾಳೆಯಲ್ಲಿ ಕಳೆದ ವರ್ಷ ಬಹಳ ಚೆನ್ನಾಗಿ ಕೆಲಸ ಮಾಡಿದ್ದೆ. ಈಗ ಬಣ್ಣ ಹಚ್ಚಿದೊಡನೆ ಅಲ್ಲಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಮೂಡಿ, ಹಾಳೆ ಹೀರುಕಾಗದದಂತೆ ಬಣ್ಣವನ್ನು ನುಂಗುತ್ತಿದೆ. ಇಷ್ಟರ ನಡುವೆಯೂ ಸಮಾಧಾನ ತಂದ ಎರಡು ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಮಾದರಿ ಮುದ್ರಣ ತೆಗೆಸಿದಾಗ, ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ಬರೆದ ಮೋಡ ಧೂಳು ಬಿದ್ದಂತೆ ಕಂಡಿತು. ಕರ್ಣಕುಂಡಲದ ಹೂವಿಗೆ ಬಳಸಿದ್ದ ಹೊಳೆಯುವ ಗುಲಾಬಿ ಬಣ್ಣ ಸತ್ತೇ ಹೋಗಿತ್ತು.

ಒಳಪುಟಗಳು ಮ್ಯಾಪ್‌ಲಿಥೋ ಕಾಗದದಲ್ಲಿ ಬರುತ್ತವೆ ಎಂದು ಪ್ರಕಾಶಕರು ತಿಳಿಸಿದ್ದಾರೆ. ನಾನು ಜಲವರ್ಣವನ್ನೇ ಬಿಟ್ಟು ಪೋಸ್ಟರ್ ಬಣ್ಣಕ್ಕೋ ಗ್ವಾಶ್‌ಗೋ (ಕೆಳಗಿನದನ್ನು ಮುಚ್ಚುವ ಅಪಾರದರ್ಶಕ ಜಲವರ್ಣಕ್ಕೋ) ಹೋಗಬೇಕೇ? ಹಾಳೆಯ ದೋಷಕ್ಕೆ ಪರಿಹಾರವಿದೆಯೇ?

ಉತ್ತರ 1 (ಮೈಸೂರಿನಿಂದ)

ಹಾಳೆಯ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಾನೂ ಒಂದು ಮಳೆಗಾಲದಲ್ಲಿ ಹತ್ತು ಹಾಳೆಗಳನ್ನು ಹೀಗೆಯೇ ಕಳೆದುಕೊಂಡು ಬಹಳ ನೊಂದಿದ್ದೇನೆ. ಜಲವರ್ಣದ ಹಾಳೆ ಬಣ್ಣವನ್ನು ಮೇಲ್ಮೈಯಲ್ಲಿ ತಡೆದು ನಿಲ್ಲಿಸುವುದು ಹತ್ತಿಯ ಗುಣದಿಂದಲ್ಲ. ತಯಾರಿಕೆಯಲ್ಲಿ ಅದಕ್ಕೆ ಉಣಿಸುವ ಜೆಲಟಿನ್ ಅಥವಾ ಗಂಜಿಯಂಥ ಸೈಜಿಂಗ್‌ನಿಂದ. ತಿಂಗಳುಗಟ್ಟಲೆ ತೇವದ ಗಾಳಿಯಲ್ಲಿ ಇಟ್ಟ ಹಾಳೆಯಲ್ಲಿ, ಕಣ್ಣಿಗೆ ಕಾಣುವಷ್ಟು ಬೂಷ್ಟು ಹಿಡಿಯುವ ಮೊದಲೇ, ಈ ಸೈಜಿಂಗ್ ಅಲ್ಲಲ್ಲಿ ಕೆಟ್ಟಿರುತ್ತದೆ. ಅಂಥ ಜಾಗದಲ್ಲಿ ಬಣ್ಣ ನಾರಿನೊಳಕ್ಕೆ ಇಳಿದು ತಾವು ಹೇಳಿದ ಚುಕ್ಕೆಯಾಗುತ್ತದೆ. ಹಾಳೆ ಕೆಟ್ಟಿದೆಯೇ ಎಂದು ತಿಳಿಯಲು ಬಣ್ಣ ಬೇಕಿಲ್ಲ: ಅಗಲ ಕುಂಚದಿಂದ ಬರಿಯ ನೀರು ಸವರಿ ಓರೆ ಬೆಳಕಿನಲ್ಲಿ ನೋಡಿದರೆ, ಕೆಟ್ಟ ಭಾಗ ಕೂಡಲೇ ಒದ್ದೆಯಾಗಿ ಕಪ್ಪಾಗಿ ಕಾಣುತ್ತದೆ.

ಪೂರ್ತಿ ಕೆಡದ ಹಾಳೆಗೆ ಮತ್ತೆ ಸೈಜಿಂಗ್ ಕೊಡಬಹುದು. ಒಂದು ಲೀಟರ್ ನೀರಿಗೆ ಸುಮಾರು 20 ಗ್ರಾಂ ಜೆಲಟಿನ್ ನೆನೆಹಾಕಿ, ಕುದಿಸದೆ ಬೆಚ್ಚಗೆ ಕರಗಿಸಿ, ಎರಡೂ ಬದಿಗೆ ಮೆತ್ತನೆಯ ಕುಂಚದಿಂದ ಸವರಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಡಿ. ಮೊದಲು ಒಂದು ತುಂಡಿನಲ್ಲಿ ಪರೀಕ್ಷಿಸಿ. ಜೆಲಟಿನ್ ಪ್ರಾಣಿಜನ್ಯ ವಸ್ತು; ಅದು ಬೇಡವೆನಿಸಿದರೆ ಕೆಟ್ಟ ಹಾಳೆಗಳನ್ನು ಬಣ್ಣದ ಪೆನ್ಸಿಲ್ ಅಥವಾ ಗಟ್ಟಿ ಗ್ವಾಶ್ ಕೆಲಸಕ್ಕೆ ಇಟ್ಟುಕೊಳ್ಳಿ. ಇನ್ನು ಮುಂದೆ ಹಾಳೆಗಳನ್ನು ಅಟ್ಟದಲ್ಲಿ ಇಡಬೇಡಿ. ಬಿಸಿಲಿರುವ ದಿನವೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿ, ಗೋಡೆಗೆ ತಾಗದಂತೆ ಮಂಚದ ಕೆಳಗೆ ಮಲಗಿಸಿಡಿ. ಆರು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ಕೊಳ್ಳುವುದು ಇನ್ನೂ ಒಳ್ಳೆಯದು.

ಮೋಡದ ಮಾತಿಗೆ ಬಂದರೆ, ಅಲ್ಟ್ರಾಮರೀನ್‌ನ ಕಣಗಳು ದಪ್ಪ. ಒರಟು ಹಾಳೆಯ ಗುಂಡಿಗಳಲ್ಲಿ ಅವು ತಂಗುತ್ತವೆ. ಗೋಡೆಯ ಚಿತ್ರದಲ್ಲಿ ನಾವು ಮೆಚ್ಚುವ ಆ ಹರಳುತನವೇ ಸ್ಕ್ಯಾನರಿನ ಕಣ್ಣಿಗೆ ಕೊಳೆಯಾಗುತ್ತದೆ. ಸಣ್ಣ ಕಣದ ಥೇಲೋ ನೀಲಿ ಬಳಸಿ, ನಯವಾದ ಹಾಟ್ ಪ್ರೆಸ್ ಹಾಳೆಯಲ್ಲಿ ಅದೇ ಮೋಡವನ್ನು ಬರೆದು ಹೋಲಿಸಿ ನೋಡಿ. ಹಾಟ್ ಪ್ರೆಸ್ ಹಾಳೆಯಲ್ಲಿ ಲೇಪದ ಅಂಚು ಬೇಗ ಗಟ್ಟಿಯಾಗುತ್ತದೆಯಾದ್ದರಿಂದ ಕೈ ಒಗ್ಗಲು ಒಂದು ವಾರ ಬೇಕಾಗುತ್ತದೆ. ಆದರೆ ಹುಳುವಿನ ಕಾಲು, ಮೀಸೆಗಳ ಗೆರೆ ಅದರಲ್ಲಿ ಬರುವಷ್ಟು ಸ್ಪಷ್ಟವಾಗಿ ಬೇರೆ ಯಾವುದರಲ್ಲೂ ಬರುವುದಿಲ್ಲ.

ಉತ್ತರ 2 (ಬೆಂಗಳೂರಿನಿಂದ)

ನಾನು ಚಿತ್ರಕಾರನಲ್ಲ, ಆಫ್‌ಸೆಟ್ ಮುದ್ರಣಾಲಯದಲ್ಲಿ ಪುಟಗಳನ್ನು ಮುದ್ರಣಕ್ಕೆ ಸಿದ್ಧಪಡಿಸುವವನು. ತಮ್ಮ ಗುಲಾಬಿ ಬಣ್ಣ ಸತ್ತದ್ದಕ್ಕೆ ಹಾಳೆ ಕಾರಣವಲ್ಲ. ಓಪೆರಾ ಪಿಂಕ್‌ನಂಥ ಬಣ್ಣಗಳ ಹೊಳಪು ಅವುಗಳಲ್ಲಿರುವ ಪ್ರತಿದೀಪಕ, ಅಂದರೆ ಬೆಳಕು ಹೀರಿ ತಾನೇ ಹೊಳೆಯುವ, ರಂಗಿನದು. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಚುಕ್ಕಿಗಳಿಂದ ಆ ಹೊಳಪನ್ನು ಯಾವ ಯಂತ್ರವೂ ತರಲಾರದು. ಐದನೆಯ ವಿಶೇಷ ಶಾಯಿ ಹಾಕಿಸಬಹುದಾದರೂ ಮಕ್ಕಳ ಪುಸ್ತಕದ ಬೆಲೆಗೆ ಅದು ಭಾರವಾಗುತ್ತದೆ. ಕ್ವಿನಾಕ್ರಿಡೋನ್ ಮಜೆಂಟಾವನ್ನು, ಅಂದರೆ ಟ್ಯೂಬಿನ ಮೇಲೆ ಪಿಆರ್ 122 ಎಂದು ಬರೆದಿರುವ ಬಣ್ಣವನ್ನು, ತೆಳುವಾಗಿ ಬಳಸಿ. ಅದು ಮುದ್ರಣದ ಮಜೆಂಟಾಕ್ಕೆ ಹತ್ತಿರವಿರುವುದರಿಂದ ಹೂವು ಬದುಕುತ್ತದೆ. ಪಕ್ಕದ ಎಲೆಯ ಹಸಿರನ್ನು ಸ್ವಲ್ಪ ಮಂದಗೊಳಿಸಿದರೆ ಗುಲಾಬಿ ತಾನಾಗಿಯೇ ಎದ್ದು ಕಾಣುತ್ತದೆ.

ಮ್ಯಾಪ್‌ಲಿಥೋ ಎಂದರೆ ಮೇಲ್ಲೇಪವಿಲ್ಲದ ಕಾಗದ. ನುಣುಪು ಲೇಪವಿರುವ ಆರ್ಟ್ ಪೇಪರಿನ ಮೇಲೆ ಕೂತಿರುವ ಶಾಯಿಯ ಚುಕ್ಕಿ ಇಲ್ಲಿ ಹೀರಿ ಹರಡುತ್ತದೆ. ಹೀಗಾಗಿ ನಡುವಿನ ಛಾಯೆಗಳು ಒಂದು ಮೆಟ್ಟಿಲು ಕಪ್ಪಾಗುತ್ತವೆ, ಗಾಢ ನೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಡಿನ ಚಿತ್ರವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ: ಮರಗಳ ನೆರಳನ್ನು ತಮ್ಮ ಕಣ್ಣಿಗೆ ಸ್ವಲ್ಪ ತೆಳುವೆನಿಸುವಷ್ಟರಲ್ಲೇ ನಿಲ್ಲಿಸಿ, ಮುದ್ರಣ ಉಳಿದದ್ದನ್ನು ತುಂಬುತ್ತದೆ.

ಸ್ಕ್ಯಾನ್ ಮಾಡಿಸುವಾಗ ಮಸೂರದ ಮೂಲಕ ಚಿತ್ರ ಹಿಡಿಯುವ ಸಿಸಿಡಿ ಸಂವೇದಕವಿರುವ ಯಂತ್ರವನ್ನೇ ಕೇಳಿ. ಸಂವೇದಕ ಗಾಜಿಗೆ ಅಂಟಿದಂತಿರುವ ತೆಳ್ಳನೆಯ ಸಿಐಎಸ್ ಸ್ಕ್ಯಾನರುಗಳಲ್ಲಿ ಗಾಜಿನಿಂದ ಸ್ವಲ್ಪ ಮೇಲೆದ್ದ ಭಾಗವೂ ಮಸುಕಾಗುವುದರಿಂದ, ಉಬ್ಬಿದ ಹಾಳೆಗೆ ಅವು ತಕ್ಕವಲ್ಲ. ಮುದ್ರಣದ ಅಳತೆಯಲ್ಲಿ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಕು. ಮುಂದೆ ತಿದ್ದುವುದಕ್ಕೆ ಅನುಕೂಲವಾಗಲೆಂದು ನಾನು 600ರಲ್ಲಿ ತೆಗೆಯುತ್ತೇನೆ. ಹಾಳೆಯ ಒರಟುತನ ನೆರಳಾಗಿ ಬಂದರೆ, ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿ ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಬಹುಪಾಲು ಮಾಯವಾಗುತ್ತದೆ. ಪುಟದ ಅಂಚಿನವರೆಗೆ ಬರುವ ಚಿತ್ರವನ್ನು ಕತ್ತರಿಸುವ ಗೆರೆಯಿಂದ ಕನಿಷ್ಠ 3 ಮಿ.ಮೀ. ಆಚೆಗೂ ಬರೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಡಿಜಿಟಲ್ ಮಾದರಿಯನ್ನು ನೋಡಿ ತೀರ್ಮಾನಿಸಬೇಡಿ. ಬಣ್ಣಗಳ ಪಟ್ಟಿಯೊಂದನ್ನು ಬರೆದು ಸ್ಕ್ಯಾನ್ ಮಾಡಿಸಿ, ತಮ್ಮ ಮುದ್ರಣಾಲಯದಲ್ಲಿ ಮ್ಯಾಪ್‌ಲಿಥೋ ಮೇಲೆ ನಡೆಯುವ ಬೇರೆ ಯಾವುದಾದರೂ ಬಣ್ಣದ ಕೆಲಸದ ಅಂಚಿನಲ್ಲಿ ಉಳಿಯುವ ಜಾಗಕ್ಕೆ ಅದನ್ನು ಸೇರಿಸಿಕೊಡುವಂತೆ ಕೇಳಿ. ವಿನಯದಿಂದ ಕೇಳಿದರೆ ಇಲ್ಲವೆನ್ನುವವರು ಕಡಿಮೆ.

ಉತ್ತರ 3 (ಧಾರವಾಡದಿಂದ)

ಮೇಲಿನ ಇಬ್ಬರೂ ಜಲವರ್ಣವನ್ನು ಉಳಿಸಿಕೊಳ್ಳುವ ದಾರಿಯನ್ನು ಹೇಳಿದ್ದಾರೆ. ಮ್ಯಾಪ್‌ಲಿಥೋಗೆ ಗ್ವಾಶ್ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರ ಮ್ಯಾಟ್ ಮೇಲ್ಮೈ ಸ್ಕ್ಯಾನರಿನಲ್ಲಿ ಮಿನುಗುವುದಿಲ್ಲ, ಸಮತಟ್ಟಾದ ಬಣ್ಣ ಮುದ್ರಣದಲ್ಲಿ ಕೆಡುವುದಿಲ್ಲ, ತಪ್ಪಿದ ಎಲೆಯನ್ನು ಮುಚ್ಚಿ ಮತ್ತೆ ಬರೆಯಬಹುದು. ಆದರೆ ಗಾಢ ಬಣ್ಣಗಳು ಒಣಗಿದ ಮೇಲೆ ತಿಳಿಯಾಗುತ್ತವೆ, ತಿಳಿಬಣ್ಣಗಳು ಕೊಂಚ ಕಪ್ಪಾಗುತ್ತವೆ. ಆದ್ದರಿಂದ ಬೆರೆಸಿದ ಪ್ರತಿ ಬಣ್ಣವನ್ನೂ ಚೂರು ಹಾಳೆಯಲ್ಲಿ ಒಣಗಿಸಿ ನೋಡಿಯೇ ಚಿತ್ರಕ್ಕೆ ಹಚ್ಚಬೇಕು. ಪೋಸ್ಟರ್ ಬಣ್ಣ ಅಗ್ಗವಾದರೂ ಅದರಲ್ಲಿ ಸೀಮೆಸುಣ್ಣದಂಥ ತುಂಬುವಸ್ತು ಹೆಚ್ಚಿರುವುದರಿಂದ ಬೆರೆಸಿದಾಗ ಬಣ್ಣ ಬೇಗ ಮಂಕಾಗುತ್ತದೆ. ಕರಡು ಚಿತ್ರಗಳಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಕೈಕಾಗದದ ಆಸೆ ಹುಟ್ಟಿದರೆ ಒಂದು ಮಾತು. ಚೆನ್ನೈನ ತಾರಾ ಬುಕ್ಸ್ ಪ್ರಕಾಶನ ಕೈಕಾಗದದ ಮೇಲೆ ಅಷ್ಟು ತುಂಬು ಬಣ್ಣಗಳನ್ನು ತರುವುದು, ಒಂದೊಂದು ಬಣ್ಣವನ್ನೂ ಬೇರೆಯಾಗಿ ಕಲಸಿ ಕೈಯಿಂದ ಸ್ಕ್ರೀನ್ ಪ್ರಿಂಟ್ ಮಾಡುವುದರಿಂದ. ಆಫ್‌ಸೆಟ್‌ನಲ್ಲಿ ಬರಲಿರುವ ಪುಸ್ತಕದ ಮೂಲಚಿತ್ರವನ್ನು ಕೈಕಾಗದದಲ್ಲಿ ಬರೆದರೆ ಅದರ ನಾರು, ಉಬ್ಬುಗಳಷ್ಟೇ ಮುದ್ರಣಕ್ಕೆ ಬರುತ್ತವೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ನೀರು ಸವರಿ ನೋಡಿದೆ. ಹದಿನಾಲ್ಕು ಹಾಳೆಗಳಲ್ಲಿ ಒಂಬತ್ತು ಕೆಟ್ಟಿವೆ. ಎರಡಕ್ಕೆ ಜೆಲಟಿನ್ ಸವರಿದ್ದೇನೆ, ಪುನರ್ವಸು ಮಳೆ ಹಿಡಿದಿರುವುದರಿಂದ ಅವು ಒಣಗಲು ಎರಡು ದಿನ ಬೇಕಾಯಿತು. ಒಂದರಲ್ಲಿ ಚುಕ್ಕೆ ಮೂಡುವುದು ಪೂರ್ತಿ ನಿಂತಿದೆ, ಇನ್ನೊಂದರ ಒಂದು ಮೂಲೆಯಲ್ಲಿ ಉಳಿದಿದೆ. ಹಾಟ್ ಪ್ರೆಸ್ ಹಾಳೆಯ ಮೇಲೆ ಹಿನ್ನೆಲೆಯನ್ನು ತೆಳು ಜಲವರ್ಣದಲ್ಲಿಯೂ ಹೂವು, ಹುಳುಗಳನ್ನು ಗ್ವಾಶ್‌ನಲ್ಲಿಯೂ ಬರೆದ ಒಂದು ಪುಟ ನನಗೇ ಹಿತವೆನಿಸಿತು. ಮುದ್ರಣಾಲಯದವರು ಮುಂದಿನ ವಾರದ ಕೆಲಸದ ಅಂಚಿನಲ್ಲಿ ಎರಡು ಅಂಗುಲ ಜಾಗ ಕೊಡಲು ಒಪ್ಪಿದ್ದಾರೆ. ಪಿಆರ್ 122ರ ಐದು ಛಾಯೆಗಳನ್ನೂ ಮರದ ನೆರಳಿನ ನಾಲ್ಕು ಹಸಿರುಗಳನ್ನೂ ಬರೆದು ಕಳುಹಿಸುತ್ತಿದ್ದೇನೆ. ಮುದ್ರಿತ ಪಟ್ಟಿ ಕೈಸೇರಿದ ಮೇಲೆ ಮೂಲದ ಪಕ್ಕದಲ್ಲಿಟ್ಟು ತೆಗೆದ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ.