ಸಹಾಯ ಬೇಕು: ವಿಪತ್ತು ನಿರ್ವಹಣೆ ಡಿಪ್ಲೊಮಾಗೆ ಸ್ಕಾಲರ್‌ಶಿಪ್ ಸಿಗುತ್ತದಾ?

ನಮಸ್ಕಾರ. ನಮ್ಮದು ಮಡಿಕೇರಿ ಹತ್ತಿರದ ಹಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಹಗ್ಗ ಹಿಡಿದು ಅಕ್ಕಪಕ್ಕದವರನ್ನು ಹೊರಗೆ ತಂದವರಲ್ಲಿ ನಾನೂ ಒಬ್ಬ. ಆವತ್ತಿಂದ ಇದೇ ಕೆಲಸ ಮಾಡಬೇಕು ಅಂತ ಆಸೆ.

ಡಿಗ್ರಿ ಆಗಿದೆ. ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಸರ್ಕಾರ ಕೊಡುವ ಆಪದ ಮಿತ್ರದ 12 ದಿನಗಳ ತರಬೇತಿ ಮುಗಿಸಿದ್ದೇನೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಸಂಸ್ಥೆಯ ಆನ್‌ಲೈನ್ ಕೋರ್ಸನ್ನೂ ಮಾಡಿದೆ. ಆದರೂ ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ಡಿಪ್ಲೊಮಾನೋ ಎಂ.ಎ.ನೋ ಕೇಳುತ್ತಾರೆ. ಮುಂಬೈಗೆ ಹೋಗಿ ಓದೋಣ ಅಂದರೆ ಅಪ್ಪ ಒಬ್ಬರಿಂದ ತೋಟ ನೋಡಿಕೊಳ್ಳಲು ಆಗಲ್ಲ. ಅದಕ್ಕೇ ಮನೆಯಿಂದಲೇ ಓದಬಹುದಾದ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪಿ.ಜಿ. ಡಿಪ್ಲೊಮಾ ಸೇರಬೇಕು ಅಂತಿದ್ದೇನೆ.

ಗೊಂದಲ ಇಲ್ಲೇ. ದೂರಶಿಕ್ಷಣಕ್ಕೆ ವಿದ್ಯಾರ್ಥಿವೇತನ ಇಲ್ಲ ಅಂತ ಒಂದು ಕಚೇರಿಯಲ್ಲಿ ಹೇಳಿದರು, ಇದೆ ಅಂತ ಇನ್ನೊಂದರಲ್ಲಿ. ಮೂರು ಸಲ ಸುಮ್ನೆ ಓಡಾಡಿದ್ದಾಯಿತು.

ಈ ಡಿಪ್ಲೊಮಾವನ್ನು ವಿದ್ಯಾರ್ಥಿವೇತನ ಪಡೆದು ಓದಿದವರು ಯಾರಾದರೂ ಇದ್ದೀರಾ? ಯಾವ ಯೋಜನೆಯಲ್ಲಿ ಸಿಕ್ಕಿತು, ಅರ್ಜಿ ಎಲ್ಲಿ ಹಾಕಿದಿರಿ?