ಹದಿನಾಲ್ಕು ತಲೆಮಾರಿನ ವಂಶವೃಕ್ಷ: ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ತಮ್ಮ, ಡಲ್ಲಾಸ್: ಎಲ್ಲ ಹಿರಿಯರಿಗೂ ನಮಸ್ಕಾರ. ಎರಡು ವರ್ಷ ರಾತ್ರಿ ಹೊತ್ತು ಕುಳಿತು ಸಿದ್ಧಪಡಿಸಿದ ನಮ್ಮ ಮನೆತನದ ವಂಶವೃಕ್ಷದ ಪಿಡಿಎಫ್ ಇಲ್ಲಿ ಹಾಕಿದ್ದೇನೆ. ಹದಿನಾಲ್ಕು ತಲೆಮಾರು ಸಿಕ್ಕಿವೆ. ಮೇಲಿನ ತುದಿ ವಿಜಯನಗರದ ಕಾಲದ ಒಬ್ಬ ದಂಡನಾಯಕರವರೆಗೆ ಹೋಗುತ್ತದೆ. ಯುಗಾದಿಯ ಹೊತ್ತಿಗೆ ಇದಕ್ಕೆ ಕಟ್ಟು ಹಾಕಿಸಿ ಊರ ಮನೆಯ ಪಡಸಾಲೆಯಲ್ಲಿ ತೂಗುಹಾಕಬೇಕೆಂಬುದು ನನ್ನ ಆಸೆ.

ದೊಡ್ಡಪ್ಪ: ಬಹಳ ಸಂತೋಷವಾಯಿತಪ್ಪ. ಮನೆಮನೆಗೆ ಬಂದು ವಂಶಾವಳಿ ಹೇಳುವ ನಮ್ಮ ಹೆಳವ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಬಂದು, ಗಂಟೆ ಬಾರಿಸಿ, ಬಾಗಿಲ ಮುಂದೆ ಹೇಳುತ್ತಿದ್ದ ಹೆಸರುಗಳನ್ನು ಇದರಲ್ಲಿ ಓದಿ ಕಣ್ಣು ತುಂಬಿ ಬಂತು. ಕೂಡಲೇ ಕಟ್ಟು ಹಾಕಿಸು.

ನಾನು: ತಮ್ಮಾ, ನಿನ್ನ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಗೋಡೆಗೆ ಹಾಕುವ ಮೊದಲು ಒಂದು ಮಾತು ಹೇಳಲೇಬೇಕು. ಮುತ್ತಜ್ಜ ಬಸಪ್ಪನವರು 1931ರಲ್ಲಿ ತೀರಿಕೊಂಡರು ಎಂದು ನೀನು ಬರೆದಿದ್ದೀ. ಹೋದ ತಿಂಗಳು ನಾನು ತಾಲ್ಲೂಕು ಕಚೇರಿಯಿಂದ ತೆಗೆಸಿದ, ಹೊಲದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದನ್ನು ಬರೆದಿಡುವ ಹಕ್ಕು ಬದಲಾವಣೆ ಡೈರಿಯ ನಕಲಿನಲ್ಲಿ 1919ರ ನಮೂದು ಹೀಗಿದೆ: ಖಾತೆದಾರ ಬಸಪ್ಪ ಬಿನ್ ಮಲ್ಲಪ್ಪ ಮಯತನಾದ ಕಾರಣ ವಾರಸಾ ಮಗ ಮಲ್ಲಪ್ಪ, ಅಜ್ಞಾನ, ಪಾಲನಕರ್ತಳು ತಾಯಿ ನೀಲವ್ವ ಕೋಂ ಬಸಪ್ಪ. ಅಂದರೆ ಮಲ್ಲಪ್ಪನ ಮಗ ಬಸಪ್ಪ ತೀರಿಕೊಂಡಿದ್ದರಿಂದ ವಾರಸುದಾರ ಅವನ ಮಗ ಮಲ್ಲಪ್ಪ, ಮಗ ಇನ್ನೂ ಚಿಕ್ಕವನಾದ್ದರಿಂದ ಪಾಲಕಿ ಬಸಪ್ಪನ ಹೆಂಡತಿ ನೀಲವ್ವ. ಕೆಳಗೆ, ಮಸಿ ಹರಡಿದ ಜಾಗದಲ್ಲಿ, ನೀಲವ್ವನ ಎಡಗೈ ಹೆಬ್ಬೆಟ್ಟಿನ ಗುರುತಿದೆ. 1918ರ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತ್ಯದ ಊರುಗಳನ್ನು ಬರಿದು ಮಾಡಿದ ಮರುವರ್ಷದ ನಮೂದು ಇದು. ಅವರು ಆ ಜ್ವರದಿಂದಲೇ ಹೋದರೆಂದು ಡೈರಿ ಹೇಳುವುದಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ. ಆದರೆ 1919ರ ಕಾಗದದಲ್ಲಿ ಮಯತನಾದವನು 1931ರವರೆಗೆ ಬದುಕಿರಲು ಸಾಧ್ಯವಿಲ್ಲ.

ತಮ್ಮ, ಡಲ್ಲಾಸ್: ಅಕ್ಕ, ಹೆಸರು, ತಂದೆಯ ಹೆಸರು, ತಾಲ್ಲೂಕು, ಮೂರೂ ಹೊಂದಿದ್ದರಿಂದಲೇ ನಾನು ಬಳಸಿದ ವಂಶವೃಕ್ಷದ ಜಾಲತಾಣ ನಮ್ಮ ಬಸಪ್ಪನವರೂ ಅಲ್ಲಿನ ಇನ್ನೊಂದು ವೃಕ್ಷದ ಬಸಪ್ಪನೂ ಒಬ್ಬರೇ ಇರಬಹುದೆಂದು ಸೂಚಿಸಿತು, ನಾನು ಒಪ್ಪಿಕೊಂಡೆ. ಅಲ್ಲಿಂದ ಮೇಲಿನ ಏಳು ತಲೆಮಾರು ಬೇರೊಬ್ಬರು ಮೊದಲೇ ಕಟ್ಟಿಟ್ಟಿದ್ದ ವೃಕ್ಷದಿಂದ ಬಂದವು.

ನಾನು: ತಪ್ಪು ಹೊಕ್ಕದ್ದು ಅಲ್ಲಿಯೇ. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಅಣ್ಣತಮ್ಮಂದಿರ ಮನೆಗಳಲ್ಲೆಲ್ಲ ಅದೇ ಹೆಸರು ಮರಳಿ ಬರುವುದರಿಂದ ಒಂದೇ ಊರಿನಲ್ಲಿ ಏಕಕಾಲಕ್ಕೆ ಇಬ್ಬರು ಮೂವರು ಬಸಪ್ಪ ಬಿನ್ ಮಲ್ಲಪ್ಪ ಇರುವುದು ಸಹಜ. ಸರ್ವೆ ನಂಬರು, ಹೆಂಡತಿಯ ಹೆಸರು, ಸಾಕ್ಷಿ ಹಾಕಿದವರ ಹೆಸರು, ಇವು ಕೂಡಿ ಬಂದರೆ ಮಾತ್ರ ಒಬ್ಬ ಬಸಪ್ಪನನ್ನು ಇನ್ನೊಬ್ಬನಿಂದ ಬೇರೆ ಮಾಡಬಹುದು. ಇಂಗ್ಲೆಂಡಿನಲ್ಲಿ 1921ರವರೆಗಿನ ಜನಗಣತಿಯ ಮನೆಮನೆಯ ಪಟ್ಟಿಗಳು ಓದಲು ಸಿಗುವುದರಿಂದ ಅಲ್ಲಿಯವರಿಗೆ ಇಂಥ ಹೊಂದಾಣಿಕೆಯನ್ನು ಹತ್ತು ವರ್ಷಕ್ಕೊಮ್ಮೆ ಪರೀಕ್ಷಿಸುವ ದಾರಿಯಿದೆ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೆಯ ಕಲಮು ಮನೆಪಟ್ಟಿಗಳನ್ನು ಯಾರಿಗೂ ತೋರಿಸಲು ಬಿಡುವುದಿಲ್ಲ. ಹಾಗಾಗಿ ಹೊಲದ ಕಾಗದ, ಮನೆಯ ಮದುವೆ ಪತ್ರಿಕೆ, ಶಾಲೆಯ ದಾಖಲಾತಿ ಪುಸ್ತಕ, ಹಿರಿಯರ ಬಾಯಿ, ಇವೇ ನಮ್ಮ ಆಧಾರ.

ದೊಡ್ಡಪ್ಪ: ಅಂದರೆ ಹೆಳವ ಹೇಳಿದ್ದು ಸುಳ್ಳು ಎನ್ನುತ್ತೀಯೇನವ್ವಾ? ಅವರ ಅಜ್ಜ ನಮ್ಮ ಅಜ್ಜನಿಗೆ ಹೇಳಿದ ಕುಲಾವಳಿ ಅದು. ಸರಕಾರದ ಕಾಗದ ಹುಟ್ಟುವ ಮೊದಲೇ ಅವರು ನಮ್ಮ ಮನೆಯ ಲೆಕ್ಕ ಇಟ್ಟವರು.

ನಾನು: ದೊಡ್ಡಪ್ಪ, ಅವರ ಮಾತಿಗೆ ನಾನು ಕೊಡುವ ಬೆಲೆ ಕಾಗದಕ್ಕಿಂತ ಕಡಿಮೆಯಲ್ಲ. ಡೈರಿಯಲ್ಲಿ ಸಿಕ್ಕ ಗಂಡಸರ ಹೆಸರುಗಳನ್ನು ನೀವು ಬರೆದಿಟ್ಟುಕೊಂಡ ಹೆಳವರ ಪಟ್ಟಿಯ ಜೊತೆ ಇಟ್ಟು ನೋಡಿದೆ, ಕ್ರಮವೂ ತಪ್ಪಿಲ್ಲ. ಒಂದು ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳಿ: ಅವರು ಎಂದಾದರೂ ದಂಡನಾಯಕನ ಹೆಸರು ಹೇಳಿದ್ದರೇ?

ದೊಡ್ಡಪ್ಪ: ಇಲ್ಲ. ಅವರು ಏಳು ಹೆಸರು ಹೇಳುತ್ತಿದ್ದರು. ಏಳನೆಯವನು ಬರಗಾಲದಲ್ಲಿ ಎರಡು ಎತ್ತು ಹೊಡೆದುಕೊಂಡು ಈ ಊರಿಗೆ ಬಂದು ನಿಂತ ಎಂದು ಹೇಳಿ ಮುಗಿಸುತ್ತಿದ್ದರು. ದಂಡನಾಯಕನ ಮಾತು ನಾನು ಕೇಳಿಲ್ಲ.

ತಮ್ಮ, ಡಲ್ಲಾಸ್: ಒಪ್ಪಿದೆ, ಮೇಲಿನ ಏಳನ್ನು ತೆಗೆಯುತ್ತೇನೆ. ಆದರೆ ಅಕ್ಕ, ಪ್ರತಿಯೊಂದಕ್ಕೂ ಕಾಗದ ಕೇಳುತ್ತಾ ಹೋದರೆ ಹೊಲವೇ ಇಲ್ಲದ ಮನೆಗಳ ಕಥೆ ಏನಾಗಬೇಕು? ಖಾತೆ ಇದ್ದವರಿಗೆ ಮಾತ್ರ ಪೂರ್ವಜರಿದ್ದರೇ?

ನಾನು: ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ, ನನ್ನನ್ನೂ ಬಹಳ ದಿನದಿಂದ ಕಾಡಿದೆ. ಕಾಗದವಿಲ್ಲದ ಹೆಸರನ್ನು ಕಿತ್ತುಹಾಕು ಎಂದು ನಾನು ಹೇಳುತ್ತಿಲ್ಲ. ಪ್ರತಿ ಹೆಸರಿನ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಬರೆ: ಇದು ಡೈರಿಯ ಇಂಥ ನಂಬರಿನ ನಮೂದು, ಇದು ಹೆಳವರು ಹೇಳಿದ್ದನ್ನು ದೊಡ್ಡಪ್ಪ ಬರೆದುಕೊಂಡದ್ದು, ಇದು ನನ್ನ ಊಹೆ. ಮುಂದೆ ನಮ್ಮ ಮಕ್ಕಳಲ್ಲಿ ಯಾರಾದರೂ ಹೊಸ ಕಾಗದ ಕಂಡರೆ ಯಾವ ಕೊಂಡಿಯನ್ನು ಬಿಚ್ಚಿ ಯಾವುದನ್ನು ಉಳಿಸಬೇಕೆಂದು ಅವರಿಗೆ ತಿಳಿಯಬೇಕು. ಹಳೆಯ ದಫ್ತರಗಳು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆಯೆಂದು ನಾನು ಒಂದು ವರ್ಷದಿಂದ ಆ ಲಿಪಿ ಕಲಿಯುತ್ತಿದ್ದೇನೆ. ಲೇಖನಿ ಎತ್ತದೆ ಬರೆದ ಸಾಲಿನಲ್ಲಿ ಒಂದು ಹೆಸರು ಬಿಡಿಸಲು ಈಗಲೂ ಒಂದು ಸಂಜೆ ಹಿಡಿಯುತ್ತದೆ. ಇನ್ನೊಂದು ವಿಷಯ, ಬದುಕಿರುವವರ ಹುಟ್ಟಿದ ದಿನಾಂಕಗಳನ್ನು ಪಿಡಿಎಫ್‌ನಿಂದ ಇವತ್ತೇ ತೆಗೆದುಬಿಡು, ಮಕ್ಕಳದ್ದೂ ಅದರಲ್ಲಿವೆ.

ಗದಗಿನ ಅತ್ತೆ: ನೀವೆಲ್ಲ ಹದಿನಾಲ್ಕು, ಏಳು ಎಂದು ಎಣಿಸುತ್ತಿದ್ದೀರಿ. ಬೆಳಗಿನಿಂದ ಕನ್ನಡಕ ಹಾಕಿಕೊಂಡು ಹಾಳೆ ದೊಡ್ಡದು ಮಾಡಿ ನೋಡುತ್ತಿದ್ದೇನೆ, ಅದರಲ್ಲಿ ಹೆಣ್ಣುಮಕ್ಕಳ ಒಂದು ಹೆಸರೂ ಇಲ್ಲ. ನಾನು ಆ ಮನೆಯಲ್ಲಿ ಹುಟ್ಟಿದವಳಲ್ಲವೇ?

ತಮ್ಮ, ಡಲ್ಲಾಸ್: ಅತ್ತೆ, ಕ್ಷಮಿಸಿ. ಹೆಳವರ ಪಟ್ಟಿಯಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇತ್ತು, ನಾನೂ ಹಾಗೆಯೇ ತುಂಬಿಕೊಂಡು ಹೋದೆ.

ನಾನು: ಗಂಡ ಸತ್ತು ಮಗ ಚಿಕ್ಕವನಿದ್ದ ಕಾರಣಕ್ಕೇ ನೀಲವ್ವ ಕಾಗದಕ್ಕೆ ಬಂದಳು. ಬಸಪ್ಪನವರು ಇನ್ನು ಹತ್ತು ವರ್ಷ ಬದುಕಿದ್ದರೆ ಅವಳ ಹೆಸರು ನಮಗೆ ಸಿಗುತ್ತಲೇ ಇರಲಿಲ್ಲ. ಅವಳ ತಾಯಿಯ ಹೆಸರು, ಅವಳ ಹೆಣ್ಣುಮಕ್ಕಳ ಹೆಸರು ಯಾವ ಡೈರಿಯಲ್ಲೂ ಇಲ್ಲ. ಅತ್ತೆ, ಅವುಗಳನ್ನು ಹೇಳಬಲ್ಲವರು ಈಗ ನೀವೊಬ್ಬರೇ.

ದೊಡ್ಡಪ್ಪ: ಯುಗಾದಿಗೆ ಕಟ್ಟು ಹಾಕಿಸುವುದು ಬೇಡ. ಈ ಸಲ ಹೆಳವರು ಬಂದಾಗ ಅವರ ಪುಸ್ತಕ ತೆರೆಸಿ ಕೇಳೋಣ, ಅವರಿಗೆ ಕೊಡುವ ಜೋಳವನ್ನೂ ಕೊಡೋಣ. ತಮ್ಮಾ, ಆಗ ನೀನು ವಿಡಿಯೋದಲ್ಲಿ ಇರು.

ಗದಗಿನ ಅತ್ತೆ: ನೀಲವ್ವನಿಗೆ ಇಬ್ಬರು ಹೆಣ್ಣುಮಕ್ಕಳು, ಗಂಗವ್ವ ಮತ್ತು ಸಂಗವ್ವ. ನೀಲವ್ವನ ತವರು ಅಣ್ಣಿಗೇರಿ ಎಂದು ನಮ್ಮವ್ವ ಹೇಳುತ್ತಿದ್ದಳು. ಕಾಗದ ನನ್ನ ಹತ್ತಿರ ಇಲ್ಲ. ಅತ್ತೆ ಹೇಳಿದ್ದು, ಅತ್ತೆಗೆ ಅವಳವ್ವ ಹೇಳಿದ್ದು ಎಂದೇ ಬರೆ.